ರಜೆ ಯಾವ ಊರಿನದ್ದು? ವಿಚ್ಛೇದಿತರ ಮಕ್ಕಳ ಎರಡು ರಾಜ್ಯಗಳ ಪಯಣ

ಮುಂಬಯಿ: ಬಾಂದ್ರಾದ ಕೌಟುಂಬಿಕ ನ್ಯಾಯಾಲಯದಲ್ಲಿ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದ ದಂಪತಿಯ ಆದೇಶದಲ್ಲಿ ಹೀಗೊಂದು ಸಾಲು ಇದೆಯೆಂದು ಭಾವಿಸೋಣ: 'ಬೇಸಿಗೆ ರಜೆಯ ಕೊನೆಯ ಅರ್ಧ ಮತ್ತು ದೀಪಾವಳಿ ರಜೆಯ ಅರ್ಧ ಮಗು ತಂದೆಯ ಬಳಿ ಇರತಕ್ಕದ್ದು.' ಇಬ್ಬರೂ ಮುಂಬಯಿಯಲ್ಲಿರುವ ತನಕ ಇದರಿಂದ ತೊಂದರೆ ಇಲ್ಲ. ಆದರೆ ತಾಯಿ ಮಗುವಿನೊಂದಿಗೆ ಉಡುಪಿಯ ತವರಿಗೆ ಮರಳಿ, ತಂದೆ ಡೊಂಬಿವಲಿಯಲ್ಲೇ ಉಳಿದರೆ ಅದೇ ಸಾಲು ಜಗಳಕ್ಕೆ ಮೂಲವಾಗುತ್ತದೆ. ಊರಲ್ಲೂ ಮುಂಬಯಿಯಲ್ಲೂ ಮನೆ ಇರುವ ತುಳು-ಕನ್ನಡಿಗರಿಗೆ ಇದು ದೂರದ ಮಾತಲ್ಲ.

ಮಹಾರಾಷ್ಟ್ರದ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಸಾಮಾನ್ಯವಾಗಿ ಮೇ ಆರಂಭದಿಂದ ಜೂನ್ ಮಧ್ಯದವರೆಗೆ ಬೇಸಿಗೆ ರಜೆ. ಕರ್ನಾಟಕದಲ್ಲಿ ಎಪ್ರಿಲ್ ಎರಡನೇ ವಾರಕ್ಕೆ ರಜೆ ಆರಂಭವಾಗಿ ಮೇ ಕೊನೆಗೆ ಶಾಲೆ ತೆರೆಯುತ್ತದೆ. ಇಲ್ಲಿ ದೀಪಾವಳಿಗೆ ದೀರ್ಘ ರಜೆ. ಅಲ್ಲಿ ದೀರ್ಘ ರಜೆ ದಸರೆಗೆ, ದೀಪಾವಳಿಗೆ ಎರಡು ಮೂರು ದಿನ ಮಾತ್ರ. ತಂದೆ ಮುಂಬಯಿಯ ಲೆಕ್ಕ ಹಿಡಿದು ಜೂನ್ ಮೊದಲ ವಾರದಲ್ಲಿ ಮಗುವನ್ನು ಕೇಳಿದರೆ, ಅಷ್ಟರಲ್ಲಿ ಅಲ್ಲಿ ಪಾಠ ಆರಂಭವಾಗಿರುತ್ತದೆ. ದೀಪಾವಳಿಯ ಎರಡು ದಿನಕ್ಕಾಗಿ ಹೋಗಿ ಬರಲು ಎರಡು ರಾತ್ರಿಯ ರೈಲು ಪಯಣ. ಹಬ್ಬಕ್ಕೆ ಮೊಮ್ಮಗುವಿನ ದಾರಿ ಕಾಯುವ ಅಜ್ಜ-ಅಜ್ಜಿಗೆ ನಿರಾಸೆ ಬೇರೆ.

ಇಂತಹ ಸಂದರ್ಭದಲ್ಲಿ ಆದೇಶವನ್ನು ಹೇಗೆ ಓದಬೇಕು? 1956ರ ಹಿಂದೂ ಅಪ್ರಾಪ್ತ ವಯಸ್ಸು ಮತ್ತು ಪೋಷಕತ್ವ ಕಾಯ್ದೆಯ 13ನೇ ಕಲಮಿನಂತೆ ಮಗುವಿನ ಹಿತವೇ ಎಲ್ಲಕ್ಕಿಂತ ಮಿಗಿಲು. ಹೀಗಿರುವಾಗ ಮಗು ಕಲಿಯುತ್ತಿರುವ ಶಾಲೆಯ ರಜೆಯನ್ನೇ 'ರಜೆ' ಎಂದು ಪರಿಗಣಿಸುವುದು ಸಹಜ. ಪಾಠ ತಪ್ಪಿಸುವ ಅರ್ಥ ನಿಲ್ಲುವುದು ಕಷ್ಟ. ಹಾಗೆಂದು ತಾಯಿಯೂ 'ಇಲ್ಲಿ ದೀಪಾವಳಿ ರಜೆಯೇ ಇಲ್ಲ' ಎಂದು ತಂದೆಯ ಪಾಲನ್ನು ಅಳಿಸಿಹಾಕುವಂತಿಲ್ಲ. ಆ ದಿನಗಳನ್ನು ದಸರಾ ರಜೆಯಲ್ಲಿ ಕೊಡುವುದು ನ್ಯಾಯ.

ಸರ್ವೋಚ್ಚ ನ್ಯಾಯಾಲಯವು 2020ರ ಯಶಿತಾ ಸಾಹು ಪ್ರಕರಣದಲ್ಲಿ, ಹೆತ್ತವರು ದೂರದೂರದಲ್ಲಿದ್ದರೆ ಮಗುವಿನ ಶಿಕ್ಷಣಕ್ಕೆ ಪದೇಪದೇ ಅಡ್ಡಿಯಾಗದಂತೆ ದೀರ್ಘ ವಾರಾಂತ್ಯ ಹಾಗೂ ರಜಾ ದಿನಗಳಲ್ಲಿ ಭೇಟಿಗೆ ಅವಕಾಶ ನೀಡಬೇಕು, ಫೋನ್, ವಿಡಿಯೋ ಕರೆಯ ಮೂಲಕವೂ ಮಾತುಕತೆ ಇರಬೇಕು ಎಂದಿದೆ. ತಾಯಿ ಉದ್ಯೋಗಕ್ಕಾಗಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದ ವಿಕ್ರಮ್ ವೀರ್ ವೋಹ್ರಾ ಪ್ರಕರಣದಲ್ಲಿ (2010), ಮಗುವಿನ ಕಸ್ಟಡಿ ಆದೇಶ ಎಂದಿಗೂ ಅಂತಿಮವಲ್ಲ, ಪರಿಸ್ಥಿತಿ ಬದಲಾದರೆ ಮಾರ್ಪಡಿಸಬಹುದು ಎಂದು ಸ್ಪಷ್ಟಪಡಿಸಿದೆ. 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮು ಇದಕ್ಕೆ ಅವಕಾಶ ಕೊಡುತ್ತದೆ.

ಆದರೆ ಮಾರ್ಪಡಿಸುವ ಅಧಿಕಾರ ನ್ಯಾಯಾಲಯದ್ದೇ ಹೊರತು ತಂದೆ-ತಾಯಿಯದ್ದಲ್ಲ. ತಾವೇ ಅರ್ಥ ಮಾಡಿಕೊಂಡು ಮಗುವನ್ನು ಕಳುಹಿಸದಿರುವುದು, ಕರೆತಂದವರು ಹಿಂದಿರುಗಿಸದಿರುವುದು ಎರಡೂ ತಪ್ಪು. ವಿಷಯ ನ್ಯಾಯಾಂಗ ನಿಂದನೆಯ ತನಕ ಹೋಗಬಹುದು. ಸಂಶಯವಿದ್ದರೆ ಆದೇಶ ನೀಡಿದ ನ್ಯಾಯಾಲಯದಲ್ಲೇ ಅರ್ಜಿ ಹಾಕಿ ಸ್ಪಷ್ಟೀಕರಣ ಪಡೆಯುವುದು ಲೇಸು. ಇಬ್ಬರೂ ಒಪ್ಪಿದರೆ ಹೊಸ ಷರತ್ತನ್ನು ಬರವಣಿಗೆಯಲ್ಲಿ ಸಲ್ಲಿಸಬಹುದು.

ಒಪ್ಪಂದ ಬರೆಯುವಾಗಲೇ ಜಾಗ್ರತೆ ವಹಿಸಿದರೆ ಈ ಅಲೆದಾಟ ತಪ್ಪೀತು. ಯಾವ ಶಾಲೆಯ ರಜಾಪಟ್ಟಿ, ಯಾವ ದಿನದಿಂದ ಯಾವ ದಿನದವರೆಗೆ, ಸಮ ವರ್ಷದಲ್ಲಿ ಹಬ್ಬ ಯಾರ ಮನೆಯಲ್ಲಿ, ಬೆಸ ವರ್ಷದಲ್ಲಿ ಯಾರಲ್ಲಿ, ರೈಲಿನಲ್ಲಿ ಜತೆಗೆ ಯಾರು, ಖರ್ಚು ಯಾರದ್ದು, ಮಗುವನ್ನು ಒಪ್ಪಿಸುವುದು ಯಾವ ನಿಲ್ದಾಣದಲ್ಲಿ ಎಂಬುದೆಲ್ಲ ಬರಹದಲ್ಲಿರಲಿ. 2024ರ ನವೆಂಬರ್‌ನಿಂದ ರೈಲು ಟಿಕೆಟ್ 60 ದಿನ ಮುಂಚಿತವಾಗಿ ಮಾತ್ರ ಸಿಗುತ್ತದೆ. ಬೇಸಿಗೆಯಲ್ಲಿ ಮತ್ಸ್ಯಗಂಧದ ಸೀಟು ಸಿಗುವುದು ಎಷ್ಟು ಕಷ್ಟವೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ದಿನಾಂಕ ಅದಕ್ಕೂ ಮೊದಲೇ ನಿಗದಿಯಾಗಬೇಕು.

ಮನೆಯ ಹಿರಿಯರು ಒಂದು ಪಕ್ಷ ಹಿಡಿಯುವ ಬದಲು ಎರಡೂ ಕಡೆಯವರನ್ನು ಕುಳ್ಳಿರಿಸಿ ಕ್ಯಾಲೆಂಡರ್ ಮುಂದಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಸಂಬಂಧ ಕಡಿದುಕೊಂಡದ್ದು ಗಂಡ-ಹೆಂಡತಿ. ಮಗುವಿಗೆ ಅಪ್ಪನೂ ಬೇಕು, ಅಮ್ಮನೂ ಬೇಕು, ರಜೆಯೂ ಬೇಕು.