ಹುಲ್ಲಟ್ಟದ ಜ್ವರ

ಕಣದಲ್ಲಿ ಕಾಫಿ ಹರವಿದ ದಿನಗಳಲ್ಲಿ ಕಾಣಿಸದ ಕೆಮ್ಮು, ಮಳೆಗಾಲದಲ್ಲಿ ದನಗಳಿಗೆಂದು ಅಟ್ಟದ ಹುಲ್ಲನ್ನಿಳಿಸಿದ ದಿನವೇ ಮೇಲೆರಗುವುದೇಕೆ, ಕಾಫಿಯ ಧೂಳಿನಿಂದ ಶ್ವಾಸಕೋಶದ ವ್ಯಾಧಿಯೊಂದು ಹುಟ್ಟುವುದೆಂದು ಓದಿದ್ದೆನಲ್ಲ, ಎಂದು ವಿರಾಜಪೇಟೆಯ ಕಡೆಯ ಬೆಳೆಗಾರರೊಬ್ಬರು ಕೇಳಿದ್ದಾರೆ.

ಕಾಫಿಯ ಮೇಲಿನ ಆ ಅಪವಾದಕ್ಕೆ ಆಧಾರ ತೀರ ತೆಳುವಾದುದು. 1970ರಲ್ಲಿ ಹಾಲೆಂಡಿನ ವಾನ್ ಟೂರ್ನ್ ಎಂಬವರು ಕಾಫಿ ಹುರಿಯುವ ಕಾರ್ಖಾನೆಯ ಕೆಲಸಗಾರನೊಬ್ಬನಲ್ಲಿ ಈ ವ್ಯಾಧಿಯನ್ನು ಕಂಡೆನೆಂದು ಬರೆದರು. 1983ರಲ್ಲಿ ಸಹೋದ್ಯೋಗಿಗಳೊಡಗೂಡಿ ಅವರೇ ಆ ಪ್ರಕರಣವನ್ನು ಪುನರ್ವಿಮರ್ಶೆಗೊಡ್ಡಿದರು. ಹೆಸರು ಮಾತ್ರ ವೈದ್ಯಗ್ರಂಥಗಳ ಪಟ್ಟಿಗಳಲ್ಲಿ ಇನ್ನೂ ಉಳಿದುಕೊಂಡಿದೆ.

ಹುಲ್ಲಿನ ಮಾತು ಬೇರೆ. ಬೂಷ್ಟು ಹಿಡಿದ ಹುಲ್ಲನ್ನು ಕೆದರಿದ ಇಂಗ್ಲೆಂಡಿನ ರೈತರ ಉಬ್ಬಸವನ್ನು 1932ರಲ್ಲಿಯೇ ಕ್ಯಾಂಪ್‌ಬೆಲ್ ವರ್ಣಿಸಿದ್ದರು. ಹಸಿಯಾಗಿ ಒಟ್ಟಿದ ಬಣವೆ ಒಳಗೊಳಗೇ ಕಾಯುವುದನ್ನು ಕೈಯಿಟ್ಟು ನೋಡಿದವರೆಲ್ಲ ಬಲ್ಲರು. ಆ ಕಾವಿನಲ್ಲಿಯೇ ಹುಲುಸಾಗುವ ಆಕ್ಟಿನೊಮೈಸಿಟ್ ಎಂಬ ಸೂಕ್ಷ್ಮಜೀವಿಗಳೇ ಈ ಉಬ್ಬಸದ ಮೂಲವೆಂದು 1963ರಲ್ಲಿ ಜ್ಯಾಕ್ ಪೆಪಿಸ್ ಮತ್ತು ಸಂಗಡಿಗರು ತೋರಿಸಿದರು. ಇದು ಸೋಂಕಲ್ಲ, ಒಳಹೊಕ್ಕ ಕಣಗಳ ಮೇಲೆ ದೇಹವೇ ಹೂಡುವ ಅತಿರೇಕದ ಪ್ರತಿಭಟನೆ.

ತೋಟದಲ್ಲಿ ಜಿಗಣೆ ಕಚ್ಚಿದ್ದು ಕಚ್ಚಿದಾಗ ಯಾರಿಗೆ ತಿಳಿದೀತು? ಸಂಜೆ ಜಗಲಿಯ ಮೇಲೆ ಕುಳಿತು ಕಾಲ್ಚೀಲವನ್ನು ಕಳಚಿದಾಗ, ನೆನೆದ ಬಟ್ಟೆಯಲ್ಲಿ ಹರಡಿದ ರಕ್ತವನ್ನು ಕಂಡು, ಯಾವ ಗಿಡದ ಬುಡದಲ್ಲಿ ಹತ್ತಿತೋ ಎಂದು ಯೋಚಿಸಬೇಕು. ಈ ವ್ಯಾಧಿಯ ರೀತಿಯೂ ಅದೇ. ಬೆಳಿಗ್ಗೆ ಹುಲ್ಲನ್ನಿಳಿಸಿದವನಿಗೆ ನಾಲ್ಕರಿಂದ ಎಂಟು ಗಂಟೆಗಳ ತರುವಾಯ ಚಳಿ, ಜ್ವರ, ಒಣಕೆಮ್ಮು. ಒಂದೆರಡು ದಿನಗಳಲ್ಲಿ ತಾನಾಗಿ ಉಪಶಮನ. ಮಳೆಯ ಜ್ವರವೆಂದು ಮೆಣಸಿನ ಕಷಾಯ ಕುಡಿದು ಅವನು ಮತ್ತೆ ಅಟ್ಟವೇರುತ್ತಾನೆ.

ಅಪೂರ್ವ ವ್ಯಾಧಿಯೆಂಬ ಮಾತನ್ನೂ ನಾನು ಸಂಶಯದಿಂದಲೇ ಕೇಳುತ್ತೇನೆ. 2017ರಲ್ಲಿ ಪ್ರಕಟವಾದ ಭಾರತೀಯ ದಾಖಲೆಯೊಂದರಲ್ಲಿ, ಶ್ವಾಸಕೋಶದ ಅಂಗಾಂಶವೇ ಕೆಟ್ಟ 1084 ರೋಗಿಗಳ ಪೈಕಿ ಶೇಕಡಾ 47 ಮಂದಿ ಇದೇ ಬಗೆಯ ಅತಿಸಂವೇದನೆಯವರು. ಅವರಲ್ಲಿ ಅನೇಕರ ಮನೆಯಲ್ಲಿದ್ದುದು ಹುಲ್ಲಲ್ಲ, ಏರ್‌ಕೂಲರು!

ಪ್ರೆಡ್ನಿಸೊಲೋನ್ ಉರಿಯೂತವನ್ನು ಬೇಗ ಇಳಿಸುವುದು ನಿಜ. ಆದರೆ ಮಾತ್ರೆ ನುಂಗುತ್ತ ಅದೇ ಧೂಳನ್ನು ಸೇವಿಸುವವನಿಗೆ ಅದರಿಂದೇನು ಫಲ? ವರುಷಗಟ್ಟಲೆ ಹೀಗೆ ಸಾಗಿ ನಾರುಗಟ್ಟಿದ ಶ್ವಾಸಕೋಶವನ್ನು ಯಾವ ಔಷಧವೂ ಮೊದಲಿನಂತೆ ಮಾಡದು. ಬಹಳ ಪ್ರಚಾರ ಪಡೆದ ನಿಂಟೆಡಾನಿಬ್ ಕೂಡ ಹಾನಿಯ ವೇಗವನ್ನಷ್ಟೇ ತಗ್ಗಿಸೀತು. ಆದುದರಿಂದ ಪ್ರಶ್ನೆ ಕೇಳಿದ ಮಹನೀಯರು, ಕೆಮ್ಮು ಬಂದ ದಿನಗಳನ್ನೂ ಹುಲ್ಲಿಳಿಸಿದ ದಿನಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಶ್ವಾಸಕೋಶ ತಜ್ಞರ ಮುಂದಿಡಲಿ. ಹುತ್ತರಿಯ ತರುವಾಯದ ಬಿಸಿಲಿನಲ್ಲಿ ಹುಲ್ಲನ್ನು ಗರಿಗರಿಯಾಗಿ ಒಣಗಿಸಿದ ಬಳಿಕವೇ ಅಟ್ಟಕ್ಕೇರಿಸಲಿ. ಇಳಿಸುವ ಕೆಲಸವನ್ನು ಆಳಿಗೆ ಒಪ್ಪಿಸುವುದಾದರೆ ಆತನಿಗೂ ಒಂದು ಒಳ್ಳೆಯ ಮುಖಗವಸನ್ನು ಕೊಡಿಸಲಿ.