ಕಾಯೋ ಮಗು, ಮಾತು ಉಳಿಸಿಕೊಳ್ಳೋ ಅಪ್ಪ ಅಮ್ಮ

ಭಾನುವಾರ ಆರಾಧನೆ ಮುಗಿದ ಹೊತ್ತಲ್ಲಿ ಕುಮಾರಸ್ವಾಮಿ ಲೇಔಟಿನ ಯಾವುದಾದರೂ ಬೇಕರಿ ಮುಂದೆ ನಿಂತು ನೋಡಿ. ಹನಿ ಕೇಕ್ ಕಂಡ ಮಗು ರಚ್ಚೆ ಹಿಡಿದಿರುತ್ತೆ. "ನಾಳೆ ಕೊಡಿಸ್ತೀನಿ, ಬಾರೋ ಕಂದ!" ಆ ನಾಳೆ ಬಹಳ ಮನೆಗಳಲ್ಲಿ ಬರೋದೇ ಇಲ್ಲ.

ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪೌಲ ಸಂಯಮವನ್ನ ಆತ್ಮದ ಫಲದಲ್ಲಿ ಸೇರಿಸ್ತಾನೆ. ಫಲ ಅಂದಮೇಲೆ ಗದರಿಸಿದ ತಕ್ಷಣ ಮಾಗುತ್ತಾ?

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ತಂಡ ನಡೆಸಿದ ಪ್ರಯೋಗ ಒಂದಿದೆ. ಪ್ರಕಟವಾಗಿದ್ದು 2013ರಲ್ಲಿ. ಮಗುವಿನ ಮುಂದೆ ಒಂದು ಮಾರ್ಷ್‌ಮೆಲೋ ಮಿಠಾಯಿ. ತಿನ್ನದೆ ಕಾದರೆ ಇನ್ನೊಂದು. ಆದರೆ ಅದಕ್ಕೂ ಮೊದಲೇ, ಒಳ್ಳೇ ಕ್ರೇಯಾನ್ ತಂದುಕೊಡ್ತೀವಿ ಅಂತ ಹೇಳಿದ್ದರು. ಅರ್ಧ ಮಕ್ಕಳಿಗೆ ತಂದರು, ಉಳಿದವರಿಗೆ ಕೈಯೆತ್ತಿಬಿಟ್ಟರು. ಮೋಸಹೋದ ಮಕ್ಕಳು ಸರಾಸರಿ 3 ನಿಮಿಷ ಕಾದರು. ಮಾತು ಉಳಿಸಿಕೊಂಡವರನ್ನ ಕಂಡ ಮಕ್ಕಳು 12 ನಿಮಿಷ! ಮೊದಲು ತಿದ್ದಬೇಕಾದ್ದು ಯಾರನ್ನ ಅಂತ ನೀವೇ ಹೇಳಿ.

"ನಾಳೆ" ಬಿಡಿ, "ಶನಿವಾರ ಸಂಜೆ" ಅನ್ನಿ. ಕ್ಯಾಲೆಂಡರಿನಲ್ಲಿ ಮಗುವಿನ ಕೈಯಲ್ಲೇ ಸುತ್ತು ಹಾಕಿಸಿ. ಶನಿವಾರ ಮಳೆ ಬಂದರೂ ಕೊಡೆ ಹಿಡಿದು ಹೊರಡಿ.

ಇನ್ನು, ಇದಕ್ಕೂ ಹಿಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಇಂಥದೇ ಮಾರ್ಷ್‌ಮೆಲೋ ಪ್ರಯೋಗದಲ್ಲಿ ಕಾದು ಗೆದ್ದ ಕೆಲವು ಮಕ್ಕಳು ತಮ್ಮಷ್ಟಕ್ಕೆ ಹಾಡ್ಕೊಂಡು ಕೂತಿದ್ದವು. ನಿಮ್ಮ ಮಗು ಕಾಯುವಾಗ ಸಂಡೇ ಸ್ಕೂಲ್ ಹಾಡನ್ನ ಗಟ್ಟಿಯಾಗಿ ಹಾಡಿದರೆ, ಸುಮ್ಮನಿರಿಸೋಕೆ ಹೋಗಬೇಡಿ.