ಮೂಲೆಮಟ್ಟವೇ ತಪ್ಪಿದರೆ ಯಂತ್ರವೇನು ಮಾಡೀತು?

ನಮ್ಮ ಕಡೆಯ ಬಡಗಿ ಕೊಟ್ಟಿಗೆಗಳಿಗೂ ಈಗ ವಿದ್ಯುತ್ ಗರಗಸ, ಪ್ಲೇನರ್ ಯಂತ್ರಗಳು ಬಂದಿವೆ. ಸಾಲ ಮಾಡಿ ಯಂತ್ರ ಕೊಳ್ಳುವ ತರುಣರು ಅದನ್ನು ಹೊಂದಿಸುವ ಮೂಲೆಮಟ್ಟವನ್ನು ಮಾತ್ರ ಅಂಗಡಿಯಾತ ಕೊಟ್ಟಂತೆ ಒಯ್ಯುವುದುಂಟು. ಆದರೆ ಯಂತ್ರ ಕೊಯ್ಯುವುದು ಮಟ್ಟ ತೋರಿದ ಕೋನಕ್ಕೇ.

ಒಂದು ಲೆಕ್ಕ ನೋಡೋಣ. 45 ಡಿಗ್ರಿಯ ಕೊಯ್ತದಲ್ಲಿ ಕಾಲು ಡಿಗ್ರಿಯ ತಪ್ಪು ಕಣ್ಣಿಗೆ ಕಾಣದು. ಚೌಕಟ್ಟೊಂದಕ್ಕೆ ಅಂಥ ಕೊಯ್ತಗಳು ಎಂಟು. ತಪ್ಪೆಲ್ಲ ಒಂದೇ ಕಡೆಗಾದರೆ ಕೊನೆಯ ಮೂಲೆಯಲ್ಲಿ 2 ಡಿಗ್ರಿ ಬಾಯಿ ಬಿಡುತ್ತದೆ. 5 ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಅದು ಸುಮಾರು 2.5 ಮಿಲಿಮೀಟರ್ ಸಂದು. ತೇಗದ ಮರಕ್ಕೆ ಕೊಟ್ಟ ಹಣ ಆ ಸಂದಿನಲ್ಲಿ ಹೋಯಿತೆಂದೇ ತಿಳಿಯಬೇಕು.

ಮಟ್ಟವನ್ನು ಪರೀಕ್ಷಿಸಲು ಬೇಕಾದುದು ನೇರ ಅಂಚಿನ ಒಂದು ಹಲಗೆ, ಚೂಪಾದ ಪೆನ್ಸಿಲ್. ಹಿಡಿಯನ್ನು ಅಂಚಿಗೆ ಒತ್ತಿ ಅಲಗಿನುದ್ದಕ್ಕೂ ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ ಅದೇ ಬುಡದಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ ಮಟ್ಟ ಸರಿ. ಬೇರೆಯಾದರೆ ನಡುವಿನ ಅಂತರದ ಅರ್ಧವೇ ನಿಜವಾದ ತಪ್ಪು. 15 ಸೆಂಟಿಮೀಟರಿನ ತುದಿಯಲ್ಲಿ ಅಂತರ ಅರ್ಧ ಮಿಲಿಮೀಟರ್ ಇದ್ದರೆ, 2 ಮೀಟರ್ ಬಾಗಿಲಿಗೆ ತಪ್ಪು 3 ಮಿಲಿಮೀಟರಿಗೂ ಮಿಕ್ಕುತ್ತದೆ. ಅಲಗಿನ ಒಳ, ಹೊರ ಎರಡೂ ಅಂಚುಗಳನ್ನು ಹೀಗೆ ನೋಡಬೇಕು.

ಯಂತ್ರ ಹೊಂದಿಸಲು ಪೂರ್ತಿ ಉಕ್ಕಿನ ಇಂಜಿನಿಯರ್ ಮಟ್ಟ ಮೇಲು. ಮರದ ಹಿಡಿ ನಮ್ಮ ಮಳೆಗಾಲದಲ್ಲಿ ಉಬ್ಬುತ್ತದೆ. ಜಾರುವ ಅಲಗಿನ ಕಾಂಬಿನೇಷನ್ ಮಟ್ಟ ಹತ್ತು ಕೆಲಸಕ್ಕೆ ಬಂದರೂ ಸವೆದಂತೆ ಸಡಿಲವಾಗುತ್ತದೆ. ಜರ್ಮನಿಯ ಡಿಐಎನ್ 875 ಮಾನಕದ ಪ್ರಕಾರ 100 ಮಿಲಿಮೀಟರ್ ಅಲಗಿಗೆ 0 ದರ್ಜೆಯಲ್ಲಿ 7 ಮೈಕ್ರಾನ್, 2ನೇ ದರ್ಜೆಯಲ್ಲಿ 30 ಮೈಕ್ರಾನ್ ತಪ್ಪಿಗೆ ಅವಕಾಶವಿದೆ. ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರ್. ಮರಗೆಲಸಕ್ಕೆ 2ನೇ ದರ್ಜೆಯೇ ಧಾರಾಳ. ಹೆಚ್ಚಿನ ಬೆಲೆ ತೆರಬೇಕಾಗಿಲ್ಲ.

ಗರಗಸ ಹೊಂದಿಸುವಾಗ ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಿರಿ. ಮಟ್ಟವನ್ನು ಹಲ್ಲಿಗಲ್ಲ, ತಟ್ಟೆಯ ಮೈಗೆ ತಾಗಿಸಿ ಹಿಂದಿನಿಂದ ಬೆಳಕು ಹಿಡಿಯಿರಿ. ಬಳಿಕ ಒಂದು ತುಂಡು ಕೊಯ್ದು, ಅರ್ಧವನ್ನು ಮಗುಚಿ ಜೋಡಿಸಿ ನೋಡಿರಿ. ಇಲ್ಲಿಯೂ ಸಂದು ತಪ್ಪಿನ ಇಮ್ಮಡಿಯಾಗಿ ಕಾಣುತ್ತದೆ.

ನಮ್ಮ ಮಟ್ಟವೇ ಮಲಯಾಳದಲ್ಲಿ ಮಟ್ಟಂ. ಹೆಸರು ಎರಡೂ ಕಡೆ ಒಂದೇ ಆದಂತೆ ಪರೀಕ್ಷೆಯೂ ಒಂದೇ. ಪರೀಕ್ಷಿಸಿದ ಒಂದು ಮಟ್ಟವನ್ನು ಗೆರೆ ಎಳೆಯಲು ಬಳಸದೆ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿಡಿರಿ. ಅದು ಎಂದಾದರೂ ಕೆಳಗೆ ಬಿದ್ದರೆ ಮರುಪರೀಕ್ಷೆಯಾಗದೆ ಯಂತ್ರಕ್ಕೆ ಹಚ್ಚದಿರುವುದು ಲೇಸು.